ಮೂರನೆಯ ನಂಬರಿನ ಬೆನ್ನು

ಬೆಳಿಗ್ಗೆ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತ, ಎಂದಿನ ಹಾಗೆ ಎಪ್ಪತ್ತೆಂಟನೇ ಇಸವಿಯ ಫುಟ್‌ಬಾಲ್ ತಂಡದ ಹನ್ನೊಂದು ಹೆಸರುಗಳನ್ನು ಗೋಲ್‌ಕೀಪರನಿಂದ ಶುರುಮಾಡಿ ಒಂದೊಂದಾಗಿ ಹೇಳಿಕೊಳ್ಳುತ್ತಿದ್ದ ಇಯೋರ್ಡಾನಿಸನಿಗೆ ಆರನೆಯ ಹೆಸರು ಬರಲಿಲ್ಲ. ಬ್ಲೇಡು ಗದ್ದದ ಕೆಳಗೆ ನಿಂತಿತು. ಆರನೆಯವನ ಮುಖ ಕಾಣುತ್ತಿತ್ತು, ಅವನ ಕಡ್ಡಿಕಾಲು ಕಾಣುತ್ತಿತ್ತು, ಕಾರ್ನರ್ ಬಂದಾಗಲೆಲ್ಲ ಎಡಗೈಯಿಂದ ಮೂಗೊರೆಸಿಕೊಳ್ಳುವ ಅವನ ಚಾಳಿ ಕೂಡ ಕಾಣುತ್ತಿತ್ತು; ಹೆಸರು ಮಾತ್ರ ಬಾಗಿಲ ಆಚೆ ನಿಂತು ಒಳಗೆ ಬರಲೊಲ್ಲದ ನೆಂಟನ ಹಾಗೆ ಸತಾಯಿಸಿತು. ಹಿಂದೆ ಎಂದೂ ಹೀಗಾಗಿರಲಿಲ್ಲ. ಅರವತ್ತೆಂಟು ವರ್ಷದ ಮೈಯಲ್ಲಿ ಸೊಂಟ ಹೋಗಿತ್ತು, ಹಲ್ಲು ಅರ್ಧ ಹೋಗಿದ್ದವು, ಹೆಂಡತಿ ಫೋಫಿ ಹೋಗಿ ಆರು ವರ್ಷವಾಗಿತ್ತು. ಆದರೆ ಕವಾಲಾ ಬಂದರಿನಲ್ಲಿ ಊರಿನ ಅನಾಟೊಲಿ ತಂಡದ ಯಾವ ಆಟ ಯಾವ ಭಾನುವಾರ ನಡೆಯಿತು, ಯಾರು ಎಷ್ಟನೇ ನಿಮಿಷಕ್ಕೆ ಯಾವ ಕಾಲಿನಿಂದ ಹೊಡೆದರು ಎಂದು ಜಗಳ ಬಂದರೆ ಜನ ಇವತ್ತಿಗೂ ‘ಇಯೋರ್ಡಾನಿಸನ್ನ ಕೇಳಿ’ ಎನ್ನುತ್ತಿದ್ದರು. ಅವನು ಹೇಳಿದ್ದೇ ಕೊನೆಯ ಮಾತಾಗುತ್ತಿತ್ತು. ಅವನು ಆರನೆಯವನನ್ನು ಬಿಟ್ಟು ಏಳು, ಎಂಟು ಎಂದು ಮುಂದೆ ಹೋದ. ಹನ್ನೊಂದು ಮುಗಿದ ಮೇಲೆ ಹಿಂದಿನಿಂದ ಬಂದು ನೋಡಿದ. ಆಗಲೂ ಬರಲಿಲ್ಲ. ಮುಖ ತೊಳೆದುಕೊಂಡು, ಬಿಳಿ ಅಂಗಿ ಹಾಕಿ, ಏನೂ ಆಗದವನ ಹಾಗೆ ಮೆಟ್ಟಿಲಿಳಿದ.

ನಲವತ್ತು ವರ್ಷ ಬಂದರಿನ ಮೀನು ಮಾರುಕಟ್ಟೆಯಲ್ಲಿ ಕೂಗಿ ಪಳಗಿದ ಗಂಟಲು ಅವನದು. ಬೂತಾಯಿ, ಬಂಗುಡೆ, ಆಕ್ಟೊಪಸ್ಸು ಎಂದು ಅವನು ಒಮ್ಮೆ ಎತ್ತಿದ ದನಿ ಕೋಟೆಯ ಕೆಳಗಿನ ಓಣಿಗಳವರೆಗೂ ಹೋಗಿ, ಹೆಂಗಸರು ಮೇಲಿನ ಕಿಟಕಿಗಳಿಂದಲೇ ‘ನನಗೆ ಅರ್ಧ ಕಿಲೋ ಎತ್ತಿಡು’ ಎನ್ನುತ್ತಿದ್ದರಂತೆ. ಭಾನುವಾರ ಅದೇ ಗಂಟಲು ಅನಾಟೊಲಿಯ ಮೈದಾನದಲ್ಲಿರುತ್ತಿತ್ತು. ಇಡೀ ಮೈದಾನ ಒಟ್ಟಾಗಿ ಕಿರುಚುವಾಗ ಕಿರುಚುವುದು ಯಾರಿಗೂ ಬರುತ್ತದೆ, ಇಯೋರ್ಡಾನಿಸ್ ಕಾಯುತ್ತಿದ್ದ. ಗದ್ದಲ ಇಳಿದು, ಆರು ಸಾವಿರ ಜನ ಉಸಿರೆಳೆದುಕೊಳ್ಳುವ ಆ ಒಂದು ಕ್ಷಣದ ಸಂದಿ ಅವನಿಗೆ ಮೊದಲೇ ಗೊತ್ತಾಗುತ್ತಿತ್ತು, ಬಲೆ ಎಳೆಯುವವನಿಗೆ ಕೈಯಲ್ಲೇ ಭಾರ ಗೊತ್ತಾಗುವ ಹಾಗೆ. ಆ ಸಂದಿಯೊಳಕ್ಕೆ ಒಂದೇ ಒಂದು ಮಾತು ಬಿಡುತ್ತಿದ್ದ. ರೆಫರಿಗೋ, ಎದುರು ತಂಡದ ದಪ್ಪ ಗೋಲ್‌ಕೀಪರನಿಗೋ. ಜನ ನಗುತ್ತಿದ್ದರು, ಮರುದಿನ ಆ ಮಾತು ತಂಬಾಕಿನ ಗೋದಾಮುಗಳಲ್ಲಿ, ಬಸ್ಸುಗಳಲ್ಲಿ ಓಡಾಡುತ್ತಿತ್ತು. ಬೇರೆಯವರಿಗೆ ಮಕ್ಕಳು ಪಾಸಾದಾಗ ಆಗುವ ಸಂತೋಷ ಅವನಿಗೆ ತನ್ನ ಮಾತು ಅಪರಿಚಿತರ ಬಾಯಲ್ಲಿ ಕೇಳಿದಾಗ ಆಗುತ್ತಿತ್ತು.

ಕ್ರಿಸಾಂಥಿಯ ಕಾಫಿ ಅಂಗಡಿಯಲ್ಲಿ ಆಗಲೇ ಇಬ್ಬರೂ ಬಂದು ಕೂತಿದ್ದರು. ತಂಬಾಕಿನ ಗೋದಾಮಿನಲ್ಲಿ ಎಲೆ ವಿಂಗಡಿಸುತ್ತಿದ್ದ ಪ್ರೋದ್ರೊಮೊಸ್, ಅವನ ಬೆರಳುಗಳ ಹಳದಿ ಇನ್ನೂ ಹೋಗಿರಲಿಲ್ಲ. ಔಷಧಿ ಅಂಗಡಿಯ ಲಾಂಬ್ರೊಸ್, ಅಂಗಡಿ ಮಗಳಿಗೆ ಬಿಟ್ಟುಕೊಟ್ಟ ಮೇಲೂ ಬಿಳಿ ಕೋಟು ಹಾಕಿಕೊಂಡೇ ಮನೆಯಿಂದ ಹೊರಡುತ್ತಿದ್ದವನು. ಮಾತು ಎಪ್ಪತ್ತೆಂಟರ ಕಪ್ ಪಂದ್ಯಕ್ಕೆ ಬಂದಿತ್ತು. ಅದು ವಾರಕ್ಕೊಮ್ಮೆಯಾದರೂ ಬರುತ್ತಿತ್ತು. ಇಯೋರ್ಡಾನಿಸ್ ಕುರ್ಚಿ ಎಳೆದುಕೊಳ್ಳುತ್ತಲೇ, ಯಾರೂ ಕೇಳದೆಯೇ, ಎರಡನೆಯ ಗೋಲು ಹೇಗಾಯಿತೆಂದು ಶುರುಮಾಡಿದ. ಬಲಗಡೆಯಿಂದ ಬಂದ ಚೆಂಡು, ವಫಿಯಾಡಿಸ್ ಇಬ್ಬರ ಮೇಲಿಂದ ಎದ್ದದ್ದು, ಅವನ ಹಣೆ—

“ವಫಿಯಾಡಿಸ್ ಅವತ್ತು ಆಡೇ ಇಲ್ಲ,” ಎಂದ ಪ್ರೋದ್ರೊಮೊಸ್.

“ಏನಂದೆ?”

“ಆಡೇ ಇಲ್ಲ ಕಣೋ. ಕಾಲು ಉಳುಕಿತ್ತು. ಕೋಟು ಹಾಕ್ಕೊಂಡು ಬೆಂಚಲ್ಲಿ ಕೂತಿದ್ದ. ನಾನೇ ಹೋಗಿ ಅವನಿಗೊಂದು ಸಿಗರೇಟು ಕೊಟ್ಟು ಬಂದೆ.”

“ನಿನಗೆ ಅವತ್ತು ಕುಡಿದದ್ದು ಜಾಸ್ತಿ ಆಗಿತ್ತು.”

“ಗೋಡೆ ಮೇಲೆ ಚಿತ್ರ ಇದೆಯಲ್ಲ, ನೋಡ್ಕೊ ಹೋಗಿ.”

ಲಾಂಬ್ರೊಸ್ ಎದ್ದು, ಕನ್ನಡಕ ಹಣೆಗೇರಿಸಿ, ಗೋಡೆಯ ಚಿತ್ರಗಳ ಹತ್ತಿರ ಮೂಗಿಟ್ಟು ನೋಡಿದ. ಪಂದ್ಯದ ದಿನವೇ ತೆಗೆದ ಚಿತ್ರ. ಎರಡು ಸಾಲು. ಅವನು ಬೆರಳಿಟ್ಟು ಎಣಿಸಿದ. “ಇಲ್ಲ ಇಯೋರ್ಡಾನಿಸ್. ವಫಿಯಾಡಿಸ್ ಇಲ್ಲ ಇಲ್ಲಿ.” ಔಷಧಿ ಮುಗಿದಿದೆ ಎಂದು ಹೇಳುವಾಗಿನ ಮೆತ್ತನೆಯ ದನಿಯಲ್ಲೇ ಹೇಳಿದ. ಕ್ರಿಸಾಂಥಿ ಕಾಫಿಯ ಪುಟ್ಟ ಪಾತ್ರೆ ಒಲೆಯ ಮೇಲಿಂದ ಎತ್ತುತ್ತ, “ಅಬ್ಬ, ಇವನೂ ತಪ್ಪು ಹೇಳ್ತಾನೆ ಅಂತಾಯ್ತು. ನಾನು ನೋಡಿ ಸಾಯ್ತೀನೋ ಇಲ್ವೋ ಅಂದ್ಕೊಂಡಿದ್ದೆ,” ಎಂದು ನಕ್ಕಳು. ಇಯೋರ್ಡಾನಿಸ್ ತಾನೂ ನಕ್ಕ. ಕಿವಿಯ ಹಿಂದೆ ಬಿಸಿಯಾಯಿತು. ಆ ಹಣೆ ಚೆಂಡಿಗೆ ತಾಗಿದ್ದು, ಕೂದಲಿನಿಂದ ಬೆವರು ಸಿಡಿದದ್ದು ಅವನಿಗೆ ಈ ಮೇಜಿನಷ್ಟು ಗಟ್ಟಿಯಾಗಿ ಕಾಣುತ್ತಿತ್ತು. ಹಾಗಾದರೆ ಯಾರ ಹಣೆ ಅದು? ಇಷ್ಟು ವರ್ಷ ತಾನು ನೋಡಿದೆನೆಂದು ಹೇಳಿದ್ದರಲ್ಲಿ ಕಣ್ಣು ನೋಡಿದ್ದೆಷ್ಟು, ಬಾಯಿ ಸೇರಿಸಿದ್ದೆಷ್ಟು?

ಆಗಲೇ ಬಾಗಿಲಲ್ಲಿ ಒಬ್ಬ ನಿಂತದ್ದು. ಅರವತ್ತರ ಆಸುಪಾಸು, ಬೂದು ಬಣ್ಣದ ಒಳ್ಳೆಯ ಕೋಟು, ಊರಿನ ದರ್ಜಿ ಹೊಲಿದದ್ದಲ್ಲವೆಂದು ಕಂಡಕೂಡಲೇ ಗೊತ್ತಾಗುವಂಥದ್ದು. ಬಲಗಾಲನ್ನು ಹೊಸ್ತಿಲ ಮೇಲೆ ಜೋಪಾನವಾಗಿ ಎತ್ತಿಟ್ಟ. ಯಾರ ಕಡೆಗೂ ನೋಡದೆ ನೇರ ಗೋಡೆಯ ಹತ್ತಿರ ಹೋಗಿ, ಎಪ್ಪತ್ತೆಂಟನ್ನು ದಾಟಿ, ಎಂಬತ್ತೊಂದನ್ನು ದಾಟಿ, ಎಂಬತ್ಮೂರರ ಚಿತ್ರದ ಮುಂದೆ ನಿಂತ. ಲಾಂಬ್ರೊಸ್ ಅವನ ಪಕ್ಕದಲ್ಲೇ ಇದ್ದನಲ್ಲ, ಮಗ್ಗುಲು ತಿರುಗಿ ನೋಡಿ ಕನ್ನಡಕ ಇಳಿಸಿಕೊಂಡ.

“ಅರ್ಗೀರಿಸ್? ಅರ್ಗೀರಿಸ್ ಅಲ್ವೇನೋ ನೀನು?”

“ಹೌದು,” ಎಂದ ಬಂದವನು. “ತಂಗಿ ಮೊಮ್ಮಗನಿಗೆ ನಾಮಕರಣ. ಭಾನುವಾರ. ಅದಕ್ಕೆ ಬಂದೆ.” ಮತ್ತೆ ಚಿತ್ರದ ಕಡೆ ತಿರುಗಿ, “ನನ್ನ ಮುಖ ಕೆರೆದು ಹಾಕಿರ್ತೀರಿ ಅಂದ್ಕೊಂಡಿದ್ದೆ. ಇದೆ,” ಎಂದ.

“ನನ್ನ ಅಂಗಡಿಯಲ್ಲಿ ಯಾರ ಮುಖಾನೂ ಕೆರೆಯೋಕೆ ಬಿಡಲ್ಲ,” ಎಂದಳು ಕ್ರಿಸಾಂಥಿ. “ಕೂತ್ಕೊ. ಸಕ್ಕರೆ ಎಷ್ಟು?”

ಮೇಜಿಗೆ ನಾಲ್ಕನೆಯ ಕುರ್ಚಿ ಬಂತು, ಇಯೋರ್ಡಾನಿಸನ ಪಕ್ಕಕ್ಕೇ ಬಂತು. ಅರ್ಗೀರಿಸ್ ಎಲ್ಲರ ಕೈ ಕುಲುಕಿದ. ಇಯೋರ್ಡಾನಿಸನ ಕೈಯನ್ನು ಉಳಿದವರದಷ್ಟೇ ಹೊತ್ತು ಹಿಡಿದು, “ಮೀನಂಗಡಿ ಅಲ್ವಾ? ಜ್ಞಾಪಕ ಇದೆ,” ಎಂದ. ಅಷ್ಟೆ. ಆ ಕೈ ಒಣಗಿ ಒರಟಾಗಿತ್ತು. ಜರ್ಮನಿಯ ಮನ್‌ಹೈಮಿನಲ್ಲಿ ಮೂವತ್ತು ವರ್ಷ ಬೇರಿಂಗು ಮಾಡುವ ಕಾರ್ಖಾನೆಯಲ್ಲಿದ್ದೆ, ಈಗ ಬಿಟ್ಟಿದ್ದೇನೆ, ಸಂಜೆ ಅಲ್ಲಿನ ಹುಡುಗಿಯರ ತಂಡಕ್ಕೆ ಡಿಫೆನ್ಸ್ ಹೇಳಿಕೊಡುತ್ತೇನೆ ಎಂದು ಕಾಫಿ ಬರುವಷ್ಟರಲ್ಲಿ ಅವನೇ ಹೇಳಿಬಿಟ್ಟ, ಕೇಳಿಸಿಕೊಳ್ಳಬೇಕಾದವರು ಕೇಳಿ ಮುಗಿಸಲಿ ಎಂಬಂತೆ.

ಆಮೇಲೆ ಮಾತು ಹೇಗೆ ಹರಿಯಿತೆಂದರೆ ಇಯೋರ್ಡಾನಿಸ್ ಸ್ವಲ್ಪ ಹೊತ್ತು ತನ್ನನ್ನೇ ಮರೆತ. ಮೇಜಿನ ಮೂವರೂ ಆಟವನ್ನು ಮೇಲಿನಿಂದ, ಮೆಟ್ಟಿಲಿನಿಂದ ನೋಡಿದವರು. ಇವನು ಒಳಗಿನಿಂದ, ಕಾಲಿನಿಂದ ಹೇಳುತ್ತಿದ್ದ. ಎಂಬತ್ತೊಂದರಲ್ಲಿ ರಾಜಧಾನಿಯಿಂದ ಬಂದ ಆ ಪ್ರಸಿದ್ಧ ವಿಂಗರ್ ಇಡೀ ಪಂದ್ಯದಲ್ಲಿ ಒಂದು ಸಲವೂ ನಿನ್ನನ್ನು ದಾಟಿ ಹೋಗಲಿಲ್ಲವಲ್ಲ, ಹೇಗೆ ಮಾಡಿದೆ ಎಂದು ಪ್ರೋದ್ರೊಮೊಸ್ ಕೇಳಿದ.

“ಅವನ ಕಾಲು ನೋಡಲೇ ಇಲ್ಲ,” ಎಂದ ಅರ್ಗೀರಿಸ್. “ಎಲ್ಲರೂ ಕಾಲು ನೋಡಿ ಕೆಡೋರು. ಅವನು ಒಳಗೆ ನುಗ್ಗೋ ಮೊದಲು ನಾಲಗೆ ಹೊರಗೆ ಹಾಕೋನು, ಇಷ್ಟೇ ಇಷ್ಟು. ನಾನು ತೊಂಬತ್ತು ನಿಮಿಷ ಅವನ ನಾಲಗೆ ನೋಡ್ತಾ ಆಡಿದೆ. ಕೊನೆಗೆ ಅವನಿಗೇ ನಾಚಿಕೆ ಆಗಿ, ಏನಯ್ಯಾ ಹಂಗೆ ನೋಡ್ತೀಯ, ನನ್ನ ಮದುವೆ ಆಗ್ತೀಯಾ ಅಂದ.”

ಪ್ರೋದ್ರೊಮೊಸ್ ಮೇಜು ಗುದ್ದಿ ನಕ್ಕ. ನೀರಿನ ಲೋಟ ಚೆಲ್ಲಿತು. ಲಾಂಬ್ರೊಸ್ ಕೋಟಿನ ತೋಳಿನಿಂದಲೇ ಕಣ್ಣೊರೆಸಿಕೊಂಡ. ಇಯೋರ್ಡಾನಿಸ್ ಕೂಡ ನಗುತ್ತ, ಎಂಥ ಒಳ್ಳೆಯ ಮಾತುಗಾರ ಇವನು, ಇಷ್ಟು ವರ್ಷ ಈ ಮೇಜಿನಲ್ಲಿ ಇವನು ಕೂತಿರಬೇಕಿತ್ತು ಎಂದುಕೊಂಡ. ಹಾಗೆ ಅಂದುಕೊಂಡ ಮರುಕ್ಷಣ, ಕೂರದೆ ಹೋದದ್ದು ಯಾಕೆ ಎನ್ನುವುದು ನೆನಪಾಯಿತು.

ಮಳೆ. ಎಂಬತ್ಮೂರರ ಏಪ್ರಿಲ್, ಕೊನೆಯ ಭಾನುವಾರ. ಪಿನಿಯೋಸ್ ತಂಡದ ಮೇಲೆ ಸಮ ಮಾಡಿಕೊಂಡರೂ ಅನಾಟೊಲಿ ಮೊದಲ ದರ್ಜೆಯಲ್ಲಿ ಉಳಿಯುತ್ತಿತ್ತು. ಒಂದಕ್ಕೊಂದು ಆಗಿ ಎಂಬತ್ತೆಂಟನೆಯ ನಿಮಿಷ. ಮಳೆಗೆ ಜನರೆಲ್ಲ ಮಾಡಿನ ಕೆಳಗಿನ ಮೆಟ್ಟಿಲುಗಳಿಗೆ ಓಡಿಹೋಗಿದ್ದರು. ಗೋಲಿನ ಹಿಂದಿನ ಕಂಬಿಗೆ ಆತುಕೊಂಡು, ಮೀನಿನ ಪೆಟ್ಟಿಗೆ ಮುಚ್ಚುವ ಟಾರ್ಪಾಲು ತಲೆಯ ಮೇಲೆಳೆದುಕೊಂಡು ಅವನೊಬ್ಬನೇ ಉಳಿದಿದ್ದ. ಅರ್ಗೀರಿಸ್ ಎಡಗಡೆಯಿಂದ ಚೆಂಡನ್ನು ತನ್ನ ಗೋಲ್‌ಕೀಪರನಿಗೆ ಹಿಂದಕ್ಕೆ ಕೊಟ್ಟ. ದಿನಕ್ಕೆ ಇಪ್ಪತ್ತು ಸಲ ಕೊಡುವಂಥ ಪಾಸು. ಚೆಂಡು ಉರುಳುತ್ತ ಬಂತು, ಗೋಲಿನ ಮುಂದೆ ಹತ್ತು ಹೆಜ್ಜೆ ದೂರದಲ್ಲಿ ಹುಲ್ಲು ಸವೆದು ನೀರು ನಿಂತಿದ್ದ ಕುಳಿಯೊಳಕ್ಕೆ ಇಳಿಯಿತು, ನಿಂತುಬಿಟ್ಟಿತು. ಚಿಮ್ಮಿದ ನೀರನ್ನು ಅವನು ನೋಡಿದ. ಪಿನಿಯೋಸಿನವನು ಬಂದ, ಗೋಲ್‌ಕೀಪರನಿಗಿಂತ ಒಂದು ಹೆಜ್ಜೆ ಮೊದಲು ಬಂದ, ಒಳಗೆ ತಳ್ಳಿದ. ಮೈದಾನ ಸತ್ತಂತಾಯಿತು. ಅರ್ಗೀರಿಸ್ ಗೋಲಿಗೆ ಬೆನ್ನು ಮಾಡಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಒದ್ದೆ ಅಂಗಿ ಅಂಟಿಕೊಂಡು ಮೂರನೆಯ ನಂಬರು ಚರ್ಮದ ಮೇಲೇ ಬರೆದ ಹಾಗಿತ್ತು. ಆ ಸಂದಿ ಬಂದಿತ್ತು. ಅಷ್ಟು ದೊಡ್ಡ ಸಂದಿ ಇಯೋರ್ಡಾನಿಸನ ಜೀವಮಾನದಲ್ಲಿ ಬಂದಿರಲಿಲ್ಲ. ಮಾತು ತಾನಾಗಿ ಬಂತು, ದಿನವೂ ಸಾವಿರ ಸಲ ಹೆಂಗಸರು ತನ್ನನ್ನು ಕೇಳುತ್ತಿದ್ದ ಮಾತೇ:

“ಕಿಲೋ ಎಷ್ಟೋ, ಅರ್ಗೀರಿಸ್?”

ಮಾಡಿನ ಕೆಳಗಿಂದ ಒಂದು ನಗೆ. ಆಮೇಲೆ ಕ್ಷೌರಿಕ ಸೋತಿರಿಸನ ಕೀರಲು ದನಿ ಅದನ್ನೇ ಮತ್ತೆ ಹೇಳಿದ್ದು. ಆಮೇಲೆ ನೂರು ದನಿ, ಆಮೇಲೆ ಸಾವಿರ. ಪಂದ್ಯ ಮುಗಿಯುವ ಹೊತ್ತಿಗೆ ಅರ್ಗೀರಿಸ್ ಆಟ ಮಾರಿಕೊಂಡ ಎನ್ನುವುದು ಎಲ್ಲರಿಗೂ ಗೊತ್ತಿದ್ದ ಸಂಗತಿಯಾಗಿತ್ತು. ಆ ಸಂಜೆ ಇಯೋರ್ಡಾನಿಸ್ ಮನೆಗೆ ಹೋಗಿ ಫೋಫಿಗೆ ತಂಡ ಕೆಳದರ್ಜೆಗೆ ಇಳಿದುಹೋದದ್ದಕ್ಕಿಂತ ಮೊದಲು ಈ ಮಾತನ್ನೇ ಹೇಳಿದ. ಅವಳು ನಗಲಿಲ್ಲ. “ಮಾರಿಕೊಂಡನಾ ನಿಜವಾಗಿ?” ಎಂದು ಕೇಳಿದಳು. ಅವನು ಒದ್ದೆ ಬೂಟು ಬಿಚ್ಚುತ್ತ, “ಯಾರಿಗೆ ಗೊತ್ತು,” ಎಂದ. ಗೊತ್ತಿತ್ತು. ನೀರು ಚಿಮ್ಮಿದ್ದು ಕಣ್ಣಲ್ಲೇ ಇತ್ತು. ಕೋಪದಲ್ಲಿ ಕೂಗಿದ್ದರೆ ಕೋಪ ಇಳಿದ ಮೇಲೆ ಕ್ಷಮೆ ಕೇಳಬಹುದಿತ್ತು. ಅವನಿಗೆ ಕೋಪ ಬಂದೇ ಇರಲಿಲ್ಲ. ಮಾತು ಚೆನ್ನಾಗಿತ್ತು, ಅದಕ್ಕೆ ಕೂಗಿದ.

ಎಂಟು ದಿನ ಅವನು ಆ ಮಾತಿನ ಒಡೆಯನಾಗಿ ಓಡಾಡಿದ. ಒಂಬತ್ತನೆಯ ದಿನ ಅವಳು ಮಾರುಕಟ್ಟೆಗೆ ಬಂದಳು. ಅರ್ಗೀರಿಸನ ಹೆಂಡತಿ, ಒಳನಾಡಿನ ಹಳ್ಳಿಯವಳು, ಆಟದ ಗಂಧ ಗೊತ್ತಿಲ್ಲದವಳು, ಬುಟ್ಟಿ ಮೊಳಕೈಗೆ ಸಿಕ್ಕಿಸಿಕೊಂಡು, ಒಂದು ಬಂಗುಡೆಯ ಕಿವಿರು ಎತ್ತಿ ಕೆಂಪಗಿದೆಯೇ ನೋಡಿ, “ಕಿಲೋ ಎಷ್ಟು?” ಎಂದು ಕೇಳಿದಳು. ಪಕ್ಕದ ಅಂಗಡಿಯವನು ಮೊದಲು ನಕ್ಕ. ಆಮೇಲೆ ಐಸು ಒಡೆಯುವವನು. ಸಾಲು ಪೂರ್ತಿ ನಗು ಹರಿಯಿತು. ಅವಳೂ ಮೊದಲು ಮುಗುಳ್ನಕ್ಕಳು, ತನ್ನ ಮಾತಿನಲ್ಲಿ ಹಳ್ಳಿಯ ಎಳೆತ ಬಂತೇನೋ ಎಂದು ಮುಖ ಕೆಂಪಗೆ ಮಾಡಿಕೊಂಡು. ಅವಳಿಗೆ ತಿಳಿದದ್ದು ಯಾವ ಗಳಿಗೆಯಲ್ಲಿ ಎನ್ನುವುದನ್ನು ಇಯೋರ್ಡಾನಿಸ್ ಕಣ್ಣಾರೆ ಕಂಡ. ಮೀನನ್ನು ಬಾಲ ಹಿಡಿದು ಎತ್ತಿದಲ್ಲೇ ವಾಪಸು ಇಟ್ಟಳು, ಅದು ನೆಟ್ಟಗಿಲ್ಲವೆಂದು ಇನ್ನೊಮ್ಮೆ ಸರಿಮಾಡಿ ಇಟ್ಟಳು, ಹೋದಳು. ಅಂದಿನಿಂದ ‘ಆ ಮಾತು ಮೊದಲು ಕೂಗಿದ್ದು ಸೋತಿರಿಸ್’ ಎಂದು ಯಾರಾದರೂ ಹೇಳಿದರೆ ಇಯೋರ್ಡಾನಿಸ್ ತಿದ್ದಲಿಲ್ಲ. ಸೋತಿರಿಸನೂ ತಿದ್ದಲಿಲ್ಲ, ಗಿರಾಕಿಗಳ ಕೆನ್ನೆಗೆ ಸೋಪು ಹಚ್ಚುತ್ತ ಹೆಮ್ಮೆಯಿಂದ ಒಪ್ಪಿಕೊಂಡ. ಆ ಬೇಸಿಗೆಯಲ್ಲೇ ಗಂಡ ಹೆಂಡತಿ ಜರ್ಮನಿಗೆ ಹೋದರೆಂದು ತಿಳಿಯಿತು.

“ಯಾರೂ ಕೇಳ್ತಿಲ್ಲವಲ್ಲ,” ಎನ್ನುತ್ತಿದ್ದ ಅರ್ಗೀರಿಸ್, ಕಾಫಿಯ ಗಸಿಯನ್ನು ಬಟ್ಟಲಿನಲ್ಲೇ ತಿರುಗಿಸುತ್ತ. “ಒಂದು ಗಂಟೆ ಆಯ್ತು. ಎಲ್ಲರ ನಾಲಗೆ ಮೇಲೂ ಅದೇ ಇದೆ. ನಾನು ನಾಲಗೆ ನೋಡೋದ್ರಲ್ಲಿ ಪಳಗಿದವನು ಅಂತ ಈಗ ತಾನೆ ಹೇಳಿದೆ.”

ಲಾಂಬ್ರೊಸ್ ಕೆಮ್ಮಿದ. ಪ್ರೋದ್ರೊಮೊಸ್ ಮೇಜಿನ ಮೇಲೆ ಚೆಲ್ಲಿದ್ದ ನೀರನ್ನು ಬೆರಳಿನಿಂದ ಅಂಚಿಗೆ ಎಳೆಯುತ್ತ, “ಬಿಡು ಮಾರಾಯ, ಅದು ಆವತ್ತಿನ ಹುಚ್ಚು. ಆ ಸೋತಿರಿಸ್ ಬಾಯಿಂದ ಬಂದದ್ದು. ಅವನೂ ಹೋಗಿಬಿಟ್ಟ, ದೇವರು ಅವನ ತಪ್ಪು ಮನ್ನಿಸಲಿ,” ಎಂದ.

“ಗೊತ್ತು. ಅವನ ಹೆಸರು ಮನ್‌ಹೈಮಿಗೂ ಬಂದಿತ್ತು,” ಎಂದ ಅರ್ಗೀರಿಸ್. “ನಿನ್ನೆ ಅಮ್ಮನ ಗೋರಿಗೆ ಹೋಗಿದ್ದೆ. ವಾಪಸು ಬರ್ತಾ ನಾಲ್ಕು ಸಾಲು ಆಚೆ ಇವನದು ಕಾಣಿಸ್ತು. ಸೋತಿರಿಸ್, ಕ್ಷೌರಿಕ ಅಂತ ಬರೆದು, ಮೇಲೊಂದು ಫೋಟೋ ಬೇರೆ. ನಿಂತ್ಕೊಂಡೆ. ಅಕ್ಕಪಕ್ಕ ಯಾರೂ ಇರಲಿಲ್ಲ. ಉಗಿದೆ.” ಅವನು ಬಟ್ಟಲು ಕೆಳಗಿಟ್ಟ. “ಹೇಳ್ಕೊಳ್ಳೋಕೆ ಚೆನ್ನಾಗಿಲ್ಲ. ಆದ್ರೆ ಮೂವತ್ತು ವರ್ಷ ಆದ್ಮೇಲೆ ರಾತ್ರಿ ಒಳ್ಳೇ ನಿದ್ದೆ ಬಂತು.”

ಗೋರಿಯ ಮೇಲಿನ ಆ ಫೋಟೋ ಇಯೋರ್ಡಾನಿಸನಿಗೆ ಗೊತ್ತಿತ್ತು. ಅದನ್ನು ತೆಗೆದದ್ದು ಈ ಅಂಗಡಿಯ ಮುಂದೆಯೇ; ಸೋತಿರಿಸ್ ಬಿಸಿಲಿಗೆ ಒಂದು ಕಣ್ಣು ಕಿರಿದು ಮಾಡಿಕೊಂಡಿದ್ದ. ಆ ಕಿರಿದಾದ ಕಣ್ಣಿನ ಮೇಲೆ ಉಗುಳು ಇಳಿಯುವುದನ್ನು ಅವನು ಈಗ ಕಂಡ. ತಾನು ಬಾಯಿ ಮುಚ್ಚಿಕೊಂಡರೆ ಇದು ಇಲ್ಲಿಗೆ ಮುಗಿಯುತ್ತದೆ, ಇವನು ಭಾನುವಾರ ನಾಮಕರಣ ಮುಗಿಸಿ ಹೋಗುತ್ತಾನೆ, ಚೆನ್ನಾಗಿ ನಿದ್ದೆಯನ್ನೂ ಮಾಡುತ್ತಾನೆ. ಲೆಕ್ಕ ನೋಡಿದರೆ ಯಾರಿಗೂ ನಷ್ಟವಿಲ್ಲ. ಈ ಯೋಚನೆ ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲಿ ಮೇಜಿನ ಸುತ್ತಲಿನ ಮೌನ ಯಾವ ಬಗೆಯದೆಂದು ಅವನಿಗೆ ಗುರುತು ಹತ್ತಿತು. ಇಂಥ ಸಂದಿಯಲ್ಲಿ ಸುಮ್ಮನೆ ಕೂತಿರುವುದು ಅವನ ಮೈಗೆ ಗೊತ್ತಿಲ್ಲದ ಕೆಲಸ.

“ಸೋತಿರಿಸ್ ಅಲ್ಲ,” ಎಂದ. “ಕೂಗಿದ್ದು ನಾನು.”

“ಏಯ್, ಸುಮ್ಮನಿರೋ,” ಎಂದ ಪ್ರೋದ್ರೊಮೊಸ್.

“ನಾನು. ಗೋಲಿನ ಹಿಂದೆ ನಿಂತಿದ್ದೆ, ಟಾರ್ಪಾಲು ಹೊದ್ದು. ಸೋತಿರಿಸ್ ಮಾಡಿನ ಕೆಳಗಿದ್ದ, ನನ್ನಿಂದ ಕೇಳಿಸ್ಕೊಂಡು ಹೇಳಿದ. ಆಮೇಲೆ ಅವನೇ ಅಂತ ಎಲ್ಲರೂ ಅಂದಾಗ ನಾನು ಸುಮ್ಮನಾದೆ.” ದನಿ ಅಲುಗಲಿಲ್ಲ, ಅದು ಅವನಿಗೇ ಸೋಜಿಗ. “ಇನ್ನೊಂದು ಕೇಳು. ಚೆಂಡು ನೀರಲ್ಲಿ ನಿಂತ್ಕೊಂಡದ್ದನ್ನ ನಾನು ನೋಡಿದೆ. ನೀನು ಸರಿಯಾಗೇ ಕೊಟ್ಟಿದ್ದೆ. ಕುಳಿಯೊಳಗೆ ನೀರಿತ್ತು, ಅಲ್ಲಿ ಸಿಕ್ಕೊಂತು. ನಿನ್ನ ತಪ್ಪಿಲ್ಲ ಅಂತ ನೋಡಿದೆ, ನೋಡಿಯೇ ಕೂಗಿದೆ.”

ಕ್ರಿಸಾಂಥಿ ಒಲೆ ಆರಿಸಿದಳು. ಅರ್ಗೀರಿಸ್ ಅವನನ್ನು ನೋಡುತ್ತಿದ್ದ. ಹೊಡೆಯುತ್ತಾನೆ ಎಂದು ಇಯೋರ್ಡಾನಿಸ್ ಅಂದುಕೊಂಡ, ಹೊಡೆದರೆ ಕೂತಲ್ಲೇ ಹೊಡೆಸಿಕೊಳ್ಳುವುದೆಂದು ಬೆನ್ನು ನೆಟ್ಟಗೆ ಮಾಡಿದ. ಆದರೆ ಅರ್ಗೀರಿಸನಿಗೆ ಸಿಟ್ಟು ಬಂದದ್ದು ಬೇರೆ ಕಡೆಯಿಂದ.

“ಯಾವ ನೀರು?” ಎಂದ.

“ಕುಳಿ ನೀರು. ಗೋಲಿನ ಮುಂದೆ.”

“ನೀರೂ ಇಲ್ಲ, ಗೀರೂ ಇಲ್ಲ. ನಾನು ಮೆಲ್ಲಗೆ ಹೊಡೆದೆ.”

“ಇಲ್ಲಪ್ಪ, ನಾನು ಕಣ್ಣಾರೆ—”

“ಲೋ, ಕಾಲು ನಂದು!” ಅರ್ಗೀರಿಸ್ ತನ್ನ ತೊಡೆಗೆ ಹೊಡೆದುಕೊಂಡ. “ಎಂಬತ್ತೆಂಟು ನಿಮಿಷ ಆ ಕೆಸರಲ್ಲಿ ಓಡಿದ್ದೆ. ಮೀನಖಂಡ ಹಿಡ್ಕೊಂಡಿತ್ತು. ಹೊಡೆಯೋ ಹೊತ್ತಿಗೇ ಗೊತ್ತಾಯ್ತು ಇದು ತಲುಪಲ್ಲ ಅಂತ. ಕಾಲಿಗೆ ಗೊತ್ತಾಗತ್ತೆ. ಕೆಟ್ಟ ಪಾಸು ಅದು. ನಾನು ಕೊಟ್ಟ ಕೆಟ್ಟ ಪಾಸು. ಮೂವತ್ತು ವರ್ಷ ನಾನು ಅದನ್ನ ಇಟ್ಕೊಂಡಿದೀನಿ. ಹುಡುಗಿಯರಿಗೆ ಹೇಳಿಕೊಡ್ತೀನಿ, ಸುಸ್ತಾದಾಗ ಹಿಂದಕ್ಕೆ ಕೊಡಬೇಡ್ರಮ್ಮ, ನಾನು ಕೊಟ್ಟು ಒಂದು ಊರನ್ನೇ ಮುಳುಗಿಸಿದೆ ಅಂತ. ಈಗ ಬಂದು ನೀರು ಅಂತಾನೆ!” ಅವನ ದನಿ ಇಳಿಯಿತು. “ಕೆಟ್ಟದಾಗಿ ಆಡಿದೆ ಅಂತ ನೀವು ಬೈದಿದ್ರೆ ನಾನು ಇಲ್ಲೇ ಇರ್ತಿದ್ದೆ. ಅಯೋಗ್ಯ, ಕುಂಟ, ಏನು ಬೇಕಾದ್ರೂ ಅಂದಿದ್ರೆ ಸಾಕಿತ್ತು. ಅದಕ್ಕೂ ಬಿಡಲಿಲ್ಲ ನೀವು.”

ಇಯೋರ್ಡಾನಿಸ್ ಒಳಗೇ ತೂಗಿ ನೋಡಿದ. ನೀರು ಇರಲಿಲ್ಲವೆಂದಾದರೆ ತಾನು ಮಾಡಿದ್ದು ಇನ್ನೂ ಸಣ್ಣದೋ, ಇನ್ನೂ ದೊಡ್ಡದೋ? ತಪ್ಪಿಲ್ಲದವನನ್ನು ಕೂಗಿ ಓಡಿಸಿದೆ ಎನ್ನುವುದನ್ನು ಅವನು ಇಷ್ಟು ಕಾಲ ಒಳಗಿಟ್ಟು ಕಾಪಾಡಿದ್ದ. ಅದರಲ್ಲೂ ಒಂದು ಬಗೆಯ ಹೆಚ್ಚುಗಾರಿಕೆ ಇತ್ತು: ಇಡೀ ಊರಿನಲ್ಲಿ ನಿಜ ನೋಡಿದವನು ತಾನೊಬ್ಬನೇ ಎಂದು. ಬೆಳಿಗ್ಗೆಯ ವಫಿಯಾಡಿಸನ ಹಣೆಯ ಹಾಗೆ ಆ ನೀರನ್ನೂ ತಾನೇ ಆಮೇಲೆ ಯಾವಾಗಲೋ ತಂದು ಸುರಿದನೇ? ಇಲ್ಲ. ನೀರಿತ್ತು. ಅವನು ತಲೆ ಕೊಡವಿದ. “ನೀರಿತ್ತು,” ಎಂದ ಗಟ್ಟಿಯಾಗಿ. “ನಿನ್ನ ಪಾಸು ಮೆಲ್ಲಗಿದ್ರೂ ಇರಬಹುದು. ನೀರಂತೂ ಇತ್ತು.”

“ಎಲ್ಲಿತ್ತು, ತೋರಿಸು ನಡಿ.”

“ನಡಿ.”

ಪ್ರೋದ್ರೊಮೊಸ್ ತಾನೂ ಎದ್ದ. ಲಾಂಬ್ರೊಸ್ ಅವನ ಅಂಗಿ ಹಿಡಿದು ಕೂರಿಸಿದ.

ಮೈದಾನಕ್ಕೆ ಹತ್ತು ನಿಮಿಷದ ದಾರಿ. ಇಬ್ಬರಿಗೂ ಇಪ್ಪತ್ತು ನಿಮಿಷ ಹಿಡಿಯಿತು. ಮಧ್ಯಾಹ್ನದ ಬಿಸಿಲಿಗೆ ಸಮುದ್ರ ತಗಡಿನ ಹಾಗಿತ್ತು, ಥಾಸೊಸ್ ದ್ವೀಪದ ದೋಣಿ ಹೊರಡುವ ಮುಂಚಿನ ಕೊಂಬು ಊದುತ್ತಿತ್ತು. ದಾರಿಯಲ್ಲಿ ಒಮ್ಮೆ ಅರ್ಗೀರಿಸ್ ಏರಿನಲ್ಲಿ ನಿಂತು ಮೊಣಕಾಲು ನೀವಿಕೊಳ್ಳುತ್ತ, “ಇರಿನಿ ಈಗಲೂ ಹಸಿ ಮೀನು ತರಲ್ಲ. ಹೆಪ್ಪುಗಟ್ಟಿಸಿದ ಡಬ್ಬದ್ದೇ ತರ್ತಾಳೆ. ಬೆಲೆ ಮೇಲೇ ಬರೆದಿರತ್ತೆ, ಕೇಳಬೇಕಾಗಿಲ್ಲ,” ಎಂದ. ಯಾಕೆ ಎಂದು ಇಯೋರ್ಡಾನಿಸ್ ಕೇಳಲಿಲ್ಲ. ಅಂದು ಮೀನು ವಾಪಸಿಟ್ಟು ಹೋದವಳ ಹೆಸರು ಇರಿನಿ ಎಂದು ಅವನಿಗೆ ಈಗ ಗೊತ್ತಾಯಿತು. ಅವನಿಗೆ ಓಡಿಹೋಗಬೇಕೆನಿಸಲಿಲ್ಲ. ಎದೆಯಲ್ಲಿ ಹಿಂದೆ ಪಂದ್ಯದ ದಿನ ಇರುತ್ತಿದ್ದಂಥ ಒಂದು ಬಿಗಿ ಇತ್ತು, ಆ ಬಿಗಿ ಅವನನ್ನು ನಡೆಸಿಕೊಂಡು ಹೋಗುತ್ತಿತ್ತು.

ಗೇಟು ತೆರೆದಿತ್ತು. ಅನಾಟೊಲಿ ಈಗ ಜಿಲ್ಲೆಯ ದರ್ಜೆಯಲ್ಲಿ ಆಡುತ್ತದೆ; ಹುಲ್ಲು ಹಾಗೂ ಹೀಗೂ ಇತ್ತು, ಅಂಚಿನಲ್ಲಿ ಇಬ್ಬರು ಹೆಂಗಸರು ಬಿರುಸಾಗಿ ನಡೆದು ಸುತ್ತು ಹಾಕುತ್ತಿದ್ದರು. ಇಯೋರ್ಡಾನಿಸ್ ಗೋಲಿನ ಹಿಂದಿನ ಕಂಬಿಗೆ ಹೋಗಿ ತನ್ನ ಜಾಗದಲ್ಲಿ ನಿಂತ. ಕಂಬಿಗೆ ಹೊಸ ಬಣ್ಣ ಬಳಿದಿದ್ದರು. ಅರ್ಗೀರಿಸ್ ಕೇಳದೆಯೇ ಮೈದಾನದೊಳಕ್ಕೆ ನಡೆದ. ಎಡಗಡೆಗೆ, ನಲವತ್ತು ಹೆಜ್ಜೆ ದೂರಕ್ಕೆ. ಎಲ್ಲಿ ನಿಲ್ಲಬೇಕೆಂದು ಹುಡುಕಲಿಲ್ಲ, ಒಂದು ಕಡೆ ಹೋಗಿ ನಿಂತ, ನೆಲವನ್ನು ಒಮ್ಮೆ ಬೂಟಿನ ತುದಿಯಿಂದ ಕೆದಕಿದ.

“ಎಲ್ಲಿ ನೀರು?” ಎಂದು ಕೂಗಿದ.

ಇಯೋರ್ಡಾನಿಸ್ ಕೈ ಚಾಚಿ ತೋರಿಸಿದ. ಅಲ್ಲಿ ಈಗ ಕುಳಿ ಇರಲಿಲ್ಲ; ಮಣ್ಣು ತುಂಬಿ, ಹುಲ್ಲು ಹಚ್ಚಿ ಎಷ್ಟು ವರ್ಷವಾಗಿತ್ತೋ. ಅರ್ಗೀರಿಸ್ ಆ ಕಡೆ ನೋಡಿದ. ಆಮೇಲೆ ಗೋಲಿಗೆ ಬೆನ್ನು ಮಾಡಿ, ಸೊಂಟದ ಮೇಲೆ ಎರಡೂ ಕೈಯಿಟ್ಟು ನಿಂತುಕೊಂಡ. ಬೂದು ಕೋಟಿನ ಬೆನ್ನು ಅಗಲವಾಗಿ, ಸ್ವಲ್ಪ ಬಾಗಿ, ಬಿಸಿಲಿನಲ್ಲಿ ಕಾಣುತ್ತಿತ್ತು.

“ಅವತ್ತು ನಾನು ತಿರುಗಿ ನೋಡಲಿಲ್ಲ,” ಎಂದ ಆ ಕಡೆ ಮುಖ ಮಾಡಿಕೊಂಡೇ. “ಯಾರ ದನಿ ಅಂತ ತಿಳ್ಕೊಳ್ಳೋ ಧೈರ್ಯ ಇರಲಿಲ್ಲ. ಕೂಗು.”

“ಬೇಡ ಅರ್ಗೀರಿಸ್.”

“ಕೂಗೋ. ಸತ್ತವನ ಮೇಲೆ ಉಗಿದು ಬಂದಿದೀನಿ. ಈ ಸಲ ಯಾರ ದನಿ ಅಂತ ಸರಿಯಾಗಿ ಕೇಳಿಸ್ಕೊಂಡು ಹೋಗ್ತೀನಿ.”

ಇಯೋರ್ಡಾನಿಸ್ ಕಂಬಿ ಹಿಡಿದುಕೊಂಡ. ಹೆಂಗಸರು ದೂರದ ತಿರುವಿನಲ್ಲಿದ್ದರು. ಮೆಲ್ಲಗೆ ಕೂಗಿಬಿಡಬಹುದಿತ್ತು, ಮುದುಕನ ದನಿಯಲ್ಲಿ, ಕೆಮ್ಮಿನ ಜೊತೆಗೆ. ಅದು ಇನ್ನೊಂದು ಮೋಸವಾಗುತ್ತಿತ್ತು. ಅವನು ಉಸಿರು ಹೊಟ್ಟೆಯ ತಳಕ್ಕೆ ಎಳೆದ, ಎಳೆದು ಬಿಟ್ಟ:

“ಕಿಲೋ ಎಷ್ಟೋ, ಅರ್ಗೀರಿಸ್?”

ದನಿ ಒಂದಿಷ್ಟೂ ಸವೆದಿರಲಿಲ್ಲ. ಖಾಲಿ ಮೆಟ್ಟಿಲುಗಳಿಗೆ ಹೋಗಿ ಬಡಿದು, ಮಾಡಿನ ತಗಡಿನಲ್ಲಿ ಗುಂಯ್‌ಗುಟ್ಟಿ, ಪೂರ್ತಿಯಾಗಿ, ದುಂಡಗೆ ಹಿಂದಕ್ಕೆ ಬಂತು. ಹೆಂಗಸರು ನಿಂತು ನೋಡಿದರು. ಅದು ಚೆನ್ನಾಗಿ ಬಂತೆಂದು ಇಯೋರ್ಡಾನಿಸನೊಳಗೆ ಏನೋ ಒಂದು, ಅವನನ್ನು ಕೇಳದೆಯೇ, ಹಿಗ್ಗಿತು. ಹಿಗ್ಗಿದ್ದು ಅವನಿಗೆ ತಿಳಿಯಿತು. ಆಗ ಅವನಿಗೆ ಬಂದ ನಾಚಿಕೆ ಎಷ್ಟು ಸ್ಪಷ್ಟವಾಗಿತ್ತೆಂದರೆ ಇಷ್ಟು ವರ್ಷ ತಾನು ಪಟ್ಟದ್ದು ಅದರ ನೆರಳಷ್ಟೇ ಎನಿಸಿತು.

ಅರ್ಗೀರಿಸ್ ತಿರುಗಿದ. ಆ ಮಾತು ಬಡಿದ ಮುಖವನ್ನು ಇಯೋರ್ಡಾನಿಸ್ ಮೊದಲ ಸಲ ನೋಡುತ್ತಿದ್ದ. ಸಿಟ್ಟಿರಲಿಲ್ಲ ಅದರಲ್ಲಿ. ರೈಲು ನಿಲ್ದಾಣದ ಗದ್ದಲದಲ್ಲಿ ಯಾರೋ ತನ್ನ ಹೆಸರು ಹಿಡಿದು ಕರೆದಾಗ, ಪರಿಚಯದವರು ಯಾರೋ ಇರಬೇಕೆಂದು ತಿರುಗುವವನ ಮುಖವಿತ್ತು. ಅವನು ಹಾಗೆಯೇ ನಿಂತು ನೋಡಿ, ಆಮೇಲೆ ನಡೆಯತೊಡಗಿದ. ನಲವತ್ತು ಹೆಜ್ಜೆ, ಬಲಗಾಲು ಎಳೆಯುತ್ತ, ಅವಸರವಿಲ್ಲದೆ. ಎದುರಿಗೆ ಹೋಗಬೇಕೆಂದು ಇಯೋರ್ಡಾನಿಸನ ಕಾಲು ಎದ್ದಿತು; ಹೋಗಲಿಲ್ಲ. ಅವನು ಬರುವಷ್ಟು ಹೊತ್ತೂ ಕಂಬಿ ಬಿಟ್ಟು ನೆಟ್ಟಗೆ ನಿಂತೇ ಇದ್ದ.

ಅರ್ಗೀರಿಸ್ ಗೋಲಿನ ಪಕ್ಕದಿಂದ ಸುತ್ತಿಕೊಂಡು ಬಂದು, ಕಂಬಿಯ ಕೆಳಗೆ ಕಷ್ಟಪಟ್ಟು ನುಸುಳಿ, ಅವನ ಮಗ್ಗುಲಿಗೆ ನಿಂತ. ಮೊಣಕೈಗಳನ್ನು ಕಂಬಿಯ ಮೇಲಿಟ್ಟ. ಇಬ್ಬರ ಭುಜಗಳೂ ತಾಗುವಷ್ಟು ಹತ್ತಿರವಿದ್ದವು. ಗೋಲಿನ ಬಲೆಯ ಕಣ್ಣುಗಳ ಮೂಲಕ ಅವನು ಆ ಜಾಗವನ್ನು, ಅದರಾಚೆ ತಾನು ಈಗಷ್ಟೇ ನಿಂತು ಬಂದ ಜಾಗವನ್ನು, ಅದರಾಚೆ ಖಾಲಿ ಮೆಟ್ಟಿಲುಗಳನ್ನು ನೋಡಿದ. ಉಸಿರು ಸಮಕ್ಕೆ ಬರುವವರೆಗೂ ನೋಡಿದ.

“ಇಲ್ಲಿಂದ,” ಎಂದ ಕೊನೆಗೆ, “ಎಲ್ಲಾ ಚೆನ್ನಾಗೇ ಕಾಣತ್ತೆ.”

“ಹೂಂ,” ಎಂದ ಇಯೋರ್ಡಾನಿಸ್. “ಕಾಣತ್ತೆ.”